ಜಮಖಾನೆಯೊಳಗಿನ ಧೂಳು

ನೆಂಟರು ಬರುತ್ತಾರೆ ಎಂದರೆ ಸಾಕು, ಅಟ್ಟದ ಮೇಲೋ ಮಂಚದ ಕೆಳಗೋ ಸುತ್ತಿಟ್ಟ ಜಮಖಾನೆ ಹೊರಬರುತ್ತದೆ. ನಾಮಕರಣ, ಸತ್ಯನಾರಾಯಣ ಪೂಜೆ, ಹೆಣ್ಣು ನೋಡುವ ಶಾಸ್ತ್ರ, ಯಾವುದಿದ್ದರೂ ಮೊದಲು ಹಾಸಬೇಕಾದದ್ದು ಅದನ್ನೇ. ಹಳೆಯ ಮನೆಗಳಲ್ಲಿ ಕಾರ್ಯ ಮುಗಿದೊಡನೆ ಅದನ್ನು ಅಂಗಳಕ್ಕೆ ಒಯ್ದು, ಇಬ್ಬರು ಎರಡು ತುದಿ ಹಿಡಿದು ಕೊಡವಿ, ಬಿಸಿಲು ತೋರಿಸಿ, ಮತ್ತೆ ಒಳಗಿಡುತ್ತಿದ್ದರು. ಈಗ ಪಟ್ಟಣದ ಎಷ್ಟೋ ಮನೆಗಳಲ್ಲಿ ಟೀಪಾಯಿಯ ಕೆಳಗೆ ರತ್ನಗಂಬಳಿಯೊಂದು ವರ್ಷವಿಡೀ ಬಿದ್ದಿರುತ್ತದೆ. ಕೊಡವಲು ಅಂಗಳವಿಲ್ಲ, ಇನ್ನೊಂದು ತುದಿ ಹಿಡಿಯಲು ಯಾರಿಗೂ ಬಿಡುವಿಲ್ಲ. ಮಕ್ಕಳು ಅದರ ಮೇಲೆಯೇ ಬೋರಲು ಮಲಗಿ ಹೋಂವರ್ಕ್ ಬರೆಯುತ್ತಾರೆ, ಅಲ್ಲೇ ಕುರುಕಲು ತಿನ್ನುತ್ತಾರೆ, ಅಲ್ಲೇ ನಿದ್ದೆಗೆ ಜಾರುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಮಗು ಬೆಳಿಗ್ಗೆ ಎದ್ದೊಡನೆ ಒಂದರ ಮೇಲೊಂದು ಸೀನತೊಡಗಿದರೆ ತಂದೆತಾಯಿ ಐಸ್‌ಕ್ರೀಮನ್ನು ದೂರುತ್ತಾರೆ, ಫ್ಯಾನನ್ನು ದೂರುತ್ತಾರೆ. ಕಾಲ ಕೆಳಗಿನ ಹಾಸನ್ನು ಮಾತ್ರ ಯಾರೂ ಅನುಮಾನಿಸುವುದಿಲ್ಲ.

ಧೂಳಿನಲ್ಲಿ ಏನಿದೆ?

ಬರಿಗಣ್ಣಿಗೆ ಧೂಳು ಎಂದರೆ ಬರೀ ಮಣ್ಣು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದೊಂದು ಸಂತೆ. ಬೀದಿಯ ಮರಳಿನ ಕಣ, ಬಟ್ಟೆಯ ನೂಲಿನ ಎಳೆ, ತಲೆಗೂದಲು, ತಿಂಡಿಯ ಚೂರು, ಶಿಲೀಂಧ್ರದ ಬೀಜಾಣು, ಮನುಷ್ಯರ ಮೈಯಿಂದ ಉದುರುವ ಚರ್ಮದ ಹೊಟ್ಟು ಎಲ್ಲವೂ ಅಲ್ಲಿರುತ್ತವೆ. ಈ ಹೊಟ್ಟನ್ನೇ ತಿಂದು ಬದುಕುವ ಒಂದು ಜೀವಿಯಿದೆ. ಅದೇ ಧೂಳಿನ ನುಸಿ. ಉದ್ದ ಸುಮಾರು ಕಾಲು ಮಿಲಿಮೀಟರ್. ಎಂಟು ಕಾಲಿನ ಇದು ಕೀಟವಲ್ಲ, ಜೇಡ ಮತ್ತು ಉಣ್ಣೆಗಳ ಬಳಗಕ್ಕೆ ಸೇರಿದ್ದು. ಇದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ತೊಂದರೆ ಇರುವುದು ಅದರ ಹಿಕ್ಕೆಯಲ್ಲಿ. ಒಣಗಿದ ಹಿಕ್ಕೆಯ ಕಣ ಗಾಳಿಯಲ್ಲಿ ಎದ್ದು ಮೂಗು ಸೇರಿದಾಗ, ಅದು ಒಗ್ಗದ ಮೈಯವರಿಗೆ ಸೀನು, ಕಣ್ಣುರಿ, ಕೆಲವರಿಗೆ ಉಬ್ಬಸ ಶುರುವಾಗುತ್ತದೆ. ಮನೆಯ ಧೂಳಿನ ಅಲರ್ಜಿಗೆ ಈ ನುಸಿಯೇ ಮುಖ್ಯ ಕಾರಣ ಎಂದು ನೆದರ್ಲೆಂಡ್ಸ್‌ನ ಲೈಡನ್ ನಗರದ ಸಂಶೋಧಕರು ತೋರಿಸಿಕೊಟ್ಟದ್ದು 1964ರಲ್ಲಿ.

ನುಸಿ ನೀರು ಕುಡಿಯುವುದಿಲ್ಲ. ಗಾಳಿಯ ತೇವವನ್ನೇ ಮೈಗೆ ಹೀರಿಕೊಳ್ಳುತ್ತದೆ. ಹಾಗಾಗಿ ಒಣ ಹವೆ ಅದಕ್ಕೆ ಶತ್ರು, ತೇವದ ಹವೆ ಮಿತ್ರ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲ ಅದಕ್ಕೆ ಸುಗ್ಗಿ. ಹಾಸಿಗೆ, ದಿಂಬು, ಸೋಫಾಗಳ ಜೊತೆಗೆ ದಪ್ಪ ಎಳೆಯ ರತ್ನಗಂಬಳಿಯೂ ಅದಕ್ಕೆ ಒಳ್ಳೆಯ ಮನೆ.

ಪೊರಕೆಯಿಂದ ಯಂತ್ರಕ್ಕೆ

ಧೂಳನ್ನು ಗೆಲ್ಲುವ ಪ್ರಯತ್ನ ಹೊಸದಲ್ಲ. ಅಮೆರಿಕದ ಮೆಲ್ವಿಲ್ ಬಿಸೆಲ್ ಪಿಂಗಾಣಿ ಸಾಮಾನಿನ ಅಂಗಡಿ ಇಟ್ಟಿದ್ದವನು. ಸಾಮಾನು ತುಂಬಿ ಬರುತ್ತಿದ್ದ ಪೆಟ್ಟಿಗೆಗಳ ಮರದ ಹೊಟ್ಟು ಅಂಗಡಿಯ ಜಮಖಾನೆಗೆ ಅಂಟಿ ಬೇಸರವಾಗಿ, 1876ರಲ್ಲಿ ಗಾಲಿಯ ಮೇಲೆ ಉರುಳುವ ಬ್ರಷ್ಷಿನ ಪೆಟ್ಟಿಗೆಯೊಂದಕ್ಕೆ ಪೇಟೆಂಟ್ ಪಡೆದ. ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ಗಾಳಿಯಿಂದ ಧೂಳು ಎಳೆಯುವ ಯಂತ್ರ ಮಾಡಿದ. ಅದು ಎಷ್ಟು ದೊಡ್ಡದೆಂದರೆ, ಕುದುರೆ ಗಾಡಿಯಲ್ಲಿ ತಂದು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಯಿಂದ ಒಳಗೆ ಬಿಡಬೇಕಿತ್ತು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳನ್ನು ಶುಚಿ ಮಾಡಿದ್ದು ಈ ಯಂತ್ರವೇ.

ಆದರೆ ಮನೆಮನೆಗೂ ಹೋಗುವಂಥ ಚಿಕ್ಕ ಯಂತ್ರವನ್ನು ಕೊಟ್ಟವನು ಕಸ ಗುಡಿಸುವ ಕೆಲಸದವನೇ. ಒಹಾಯೊ ಪ್ರಾಂತ್ಯದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬಾತ ಸ್ವಚ್ಛತೆಯ ಕೆಲಸ ಮಾಡುತ್ತಿದ್ದ. ಆತನಿಗೆ ಉಬ್ಬಸ. ಗುಡಿಸಿದಾಗ ಏಳುತ್ತಿದ್ದ ಧೂಳಿನಿಂದ ಉಸಿರಾಟವೇ ಕಷ್ಟವಾಗುತ್ತಿತ್ತು. ಕೆಲಸ ಬಿಡುವಂತಿಲ್ಲ, ಧೂಳನ್ನು ತಡೆಯುವಂತಿಲ್ಲ. ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ಒಂದು ದಿಂಬಿನ ಚೀಲ ಇವನ್ನೇ ಜೋಡಿಸಿ ಧೂಳು ಹೀರುವ ಯಂತ್ರವೊಂದನ್ನು ಕಟ್ಟಿದ. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡ ವಿಲಿಯಂ ಹೂವರ್‌ನ ಹೆಸರು ಜಗತ್ತಿಗೆ ಗೊತ್ತಾಯಿತು. ಸ್ಪ್ಯಾಂಗ್ಲರ್‌ನ ಕಥೆಯಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ: ಧೂಳಿನ ಕಷ್ಟ ಮೊದಲು ತಿಳಿಯುವುದು ಗುಡಿಸುವವರಿಗೆ. ನಮ್ಮ ಮನೆಗಳಲ್ಲಿ ಆ ಜಾಗದಲ್ಲಿ ಇರುವವರು ಸಾಮಾನ್ಯವಾಗಿ ಅಮ್ಮ, ಅಜ್ಜಿ ಅಥವಾ ಮನೆಗೆಲಸದವರು.

ದಿನನಿತ್ಯದ ರೂಢಿಗಳು

ಜಮಖಾನೆ ಶುಚಿಯಾಗಿರಲು ದುಬಾರಿ ಯಂತ್ರ ಇರಲೇಬೇಕೆಂದಿಲ್ಲ. ಚಿಕ್ಕ ಚಿಕ್ಕ ರೂಢಿಗಳು ಸಾಕು.

ಮೊದಲನೆಯದು ಹೊಸ್ತಿಲಲ್ಲೇ ಆಗಬೇಕು. ಜಮಖಾನೆ ಸೇರುವ ಮಣ್ಣಿನ ಬಹುಪಾಲು ಕಾಲಿನ ಜೊತೆ ಬರುವಂಥದು. ಚಪ್ಪಲಿಯನ್ನು ಹೊರಗೆ ಬಿಡುವ ನಮ್ಮ ಹಳೆಯ ಸಂಪ್ರದಾಯ ಅರ್ಧ ಕೆಲಸ ಮುಗಿಸುತ್ತದೆ. ಬಾಗಿಲ ಹೊರಗೆ ಒರಟಾದ ತೆಂಗಿನ ನಾರಿನ ಕಾಲೊರಸು, ಒಳಗೆ ಹತ್ತಿಯದೊಂದು, ಹೀಗೆ ಎರಡು ಇದ್ದರೆ ಉಳಿದರ್ಧದಲ್ಲೂ ಹೆಚ್ಚಿನದು ಅಲ್ಲೇ ನಿಲ್ಲುತ್ತದೆ. ಕಾಲೊರಸನ್ನೇ ತಿಂಗಳುಗಟ್ಟಲೆ ಕೊಡವದಿದ್ದರೆ ಅದು ಧೂಳಿನ ಗೋದಾಮು ಆಗುತ್ತದೆ ಎಂಬುದೂ ನೆನಪಿರಲಿ.

ಎರಡನೆಯದು ಮರಳು ಒಳಗಿಳಿಯುವ ಮೊದಲೇ ತೆಗೆಯುವುದು. ಮರಳಿನ ಕಣಗಳಿಗೆ ಚೂಪಾದ ಅಂಚುಗಳಿರುತ್ತವೆ. ನಡೆದಾಗಲೆಲ್ಲ ಅವು ಎಳೆಗಳ ಬುಡವನ್ನು ಚಿಕ್ಕ ಗರಗಸದಂತೆ ಉಜ್ಜುತ್ತವೆ. ಜಮಖಾನೆ ಸವೆಯುವುದಕ್ಕೆ ಕಾಲಿನಷ್ಟೇ ಕಾಲಡಿಯ ಮರಳೂ ಕಾರಣ. ವಾರಕ್ಕೆ ಎರಡು ಸಲವಾದರೂ ಗುಡಿಸಬೇಕು ಅಥವಾ ವ್ಯಾಕ್ಯೂಮ್ ಕ್ಲೀನರ್ ಆಡಿಸಬೇಕು. ಯಂತ್ರವನ್ನು ಅವಸರದಲ್ಲಿ ಎಳೆದರೆ ಮೇಲಿನ ಕಸ ಮಾತ್ರ ಹೋಗುತ್ತದೆ. ನಿಧಾನವಾಗಿ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಆಡಿಸಿದರೆ ಬುಡದ ಮಣ್ಣೂ ಬರುತ್ತದೆ. ಧೂಳಿನ ಚೀಲವನ್ನು ಖಾಲಿ ಮಾಡುವುದು ಮನೆಯ ಹೊರಗೆ.

ಮೂರನೆಯದು ಬಿಸಿಲು. ಎತ್ತಬಹುದಾದ ಜಮಖಾನೆಯನ್ನು ಹದಿನೈದು ದಿನಕ್ಕೊಮ್ಮೆಯಾದರೂ ತಾರಸಿಗೋ ಬಾಲ್ಕನಿಗೋ ಒಯ್ದು ಬಿಸಿಲಲ್ಲಿ ಮಗುಚಿ ಹಾಕಬೇಕು. ಕೆಲವು ಗಂಟೆಗಳ ನೇರ ಬಿಸಿಲಿಗೆ ನುಸಿಗಳು ಸಾಯುತ್ತವೆ ಎಂದು ಆಸ್ಟ್ರೇಲಿಯಾದಲ್ಲಿ ನಡೆದ, 1994ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ನಮ್ಮ ಅಜ್ಜಿಯರು ಪ್ರಯೋಗವಿಲ್ಲದೆಯೇ ಮಾಡುತ್ತಿದ್ದುದು ಇದನ್ನೇ. ಆದರೆ ನುಸಿ ಸತ್ತರೂ ಹಿಕ್ಕೆ ಅಲ್ಲೇ ಇರುತ್ತದೆ. ಆದ್ದರಿಂದ ಬಿಸಿಲಾದ ಮೇಲೆ ಕೋಲಿನಿಂದ ಬಡಿದು ಕೊಡವಬೇಕು. ಬಡಿಯುವವರು ಮೂಗುಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಟಿಕೊಂಡು, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಲ್ಲಲಿ. ಉಬ್ಬಸ ಇರುವ ಮಗು ಆ ಹೊತ್ತಿಗೆ ದೂರವಿರಲಿ. ಕೆಳಗಿನ ಮನೆಯವರ ಒಗೆದ ಬಟ್ಟೆ ಹರವಿದೆಯೇ ಎಂದು ಒಮ್ಮೆ ಬಗ್ಗಿ ನೋಡುವುದೂ ಒಳ್ಳೆಯ ಅಭ್ಯಾಸವೇ!

ನಾಲ್ಕನೆಯದು ದಿಕ್ಕು ಬದಲಿಸುವುದು. ಬಾಗಿಲ ಕಡೆಯ ತುದಿಯೇ ಯಾವಾಗಲೂ ತುಳಿತಕ್ಕೆ ಸಿಕ್ಕುತ್ತದೆ, ಕಿಟಕಿಯ ಕಡೆಯ ತುದಿ ಬಿಸಿಲಿಗೆ ಬಣ್ಣ ಬಿಡುತ್ತದೆ. ಆರು ತಿಂಗಳಿಗೊಮ್ಮೆ ತಲೆ ಕಡೆಯನ್ನು ಕಾಲ ಕಡೆಗೆ ತಿರುಗಿಸಿ ಹಾಸಿದರೆ ಸವೆತ ಎಲ್ಲ ಕಡೆಗೂ ಹಂಚಿಹೋಗುತ್ತದೆ.

ಐದನೆಯದು ಮಳೆಗಾಲದ ವಿರಾಮ. ಗೋಡೆಯೇ ಬೆವರುವ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಮಖಾನೆ ಹಾಸದಿರುವುದೇ ಜಾಣತನ. ಮೇ ತಿಂಗಳ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಮಡಿಚದೆ ಚಾಪೆಯಂತೆ ಸುತ್ತಿ, ಹಳೆಯ ಸೀರೆಯಲ್ಲಿ ಕಟ್ಟಿ, ನೆಲಕ್ಕೆ ತಾಗದಂತೆ ಎತ್ತರದಲ್ಲಿ ಇಡಬೇಕು. ಮಡಿಚಿದರೆ ಮಡಿಕೆಯಲ್ಲೇ ಎಳೆ ಮುರಿಯುತ್ತದೆ. ಉಣ್ಣೆಯದಾದರೆ ಬಟ್ಟೆಹುಳುವಿನ ಮರಿಗಳು ತಿನ್ನುವ ಭಯವೂ ಇದೆ. ನುಸಿಗುಳಿಗೆ ಇಡುವವರು ಅದು ಮಕ್ಕಳ ಕೈಗೆ ಸಿಗದಂತೆ ಎಚ್ಚರ ವಹಿಸಬೇಕು. ಪೆಪ್ಪರಮಿಂಟಿನಂತೆ ಕಾಣುವ ಆ ಗುಳಿಗೆಯನ್ನು ನುಂಗಿದರೆ ಅಪಾಯ. ಹುಟ್ಟಿನಿಂದಲೇ ಒಂದು ಬಗೆಯ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನೇ ಒಡೆಯಬಲ್ಲದು.

ಚೆಲ್ಲಿದಾಗ ಏನು ಮಾಡಬೇಕು?

ಕಾಫಿ ಚೆಲ್ಲಿದೊಡನೆ ಎಲ್ಲರ ಕೈಯೂ ಉಜ್ಜಲು ಹೋಗುತ್ತದೆ. ಉಜ್ಜಿದರೆ ಕಲೆ ಅಗಲವಾಗುತ್ತದೆ, ಆಳಕ್ಕೂ ಇಳಿಯುತ್ತದೆ. ಒಣಗಿದ ಬಿಳಿಯ ಹತ್ತಿ ಬಟ್ಟೆಯನ್ನು ಮೇಲಿಟ್ಟು ಒತ್ತಿ, ತೇವವನ್ನು ಹೀರಿಸಬೇಕು. ಆಮೇಲೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಅಂಚಿನಿಂದ ನಡುವಿಗೆ ಒತ್ತುತ್ತ ಬರಬೇಕು. ಹಾಲು, ಮೊಟ್ಟೆ, ರಕ್ತದ ಕಲೆಗೆ ಬಿಸಿನೀರು ಬೇಡ. ಬಿಸಿಗೆ ಅದರ ಪ್ರೋಟೀನು ಗಟ್ಟಿಯಾಗಿ ಎಳೆಗೆ ಕಚ್ಚಿಕೊಳ್ಳುತ್ತದೆ. ದೀಪದ ಎಣ್ಣೆ ಬಿದ್ದರೆ ನೀರು ಹಾಕುವ ಮೊದಲು ಕಾರ್ನ್‌ಫ್ಲೋರ್ ಉದುರಿಸಿ, ಒಂದೆರಡು ಗಂಟೆ ಬಿಟ್ಟು ಗುಡಿಸಬೇಕು. ಮೇಣ ಬಿದ್ದರೆ ಮೇಲೊಂದು ಮಂಜುಗಡ್ಡೆಯ ಚೀಲ ಇಟ್ಟರೆ ಗಡುಸಾಗಿ ಚೂರುಚೂರಾಗಿ ಎದ್ದುಬರುತ್ತದೆ.

ಸಾರಿನ ಅರಿಶಿನದ ಕಲೆಯದು ಬೇರೆಯೇ ಕಥೆ. ಸೋಪು ತಾಗಿದೊಡನೆ ಅದು ಕೆಂಪಾಗುತ್ತದೆ. ಅದಕ್ಕೆ ಗಾಬರಿ ಬೇಡ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಸೇರಿಸಿ ಓಕುಳಿ ಮಾಡುವಾಗ ನಡೆಯುವುದೂ ಇದೇ. ಅರಿಶಿನ ಕ್ಷಾರವನ್ನು ತೋರಿಸಿಕೊಡುವ ಸೂಚಕ ಎಂದು ಶಾಲೆಯ ವಿಜ್ಞಾನದಲ್ಲಿ ಓದಿದ್ದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಚೆನ್ನಾಗಿ ನೀರಿನಿಂದ ಒತ್ತಿ ತೆಗೆದು ಬಿಸಿಲಲ್ಲಿಟ್ಟರೆ ಉಳಿದ ಹಳದಿ ತಾನಾಗಿ ಮಂಕಾಗುತ್ತದೆ, ಏಕೆಂದರೆ ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ.

ಯಾವ ದ್ರಾವಣವನ್ನೇ ಆಗಲಿ ಮೊದಲು ಮೂಲೆಯಲ್ಲಿ ಪರೀಕ್ಷಿಸಬೇಕು. ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಒತ್ತಿದಾಗ ಬಣ್ಣ ಅಂಟಿದರೆ ಅಲ್ಲಿಗೇ ನಿಲ್ಲಿಸಬೇಕು. ಉಣ್ಣೆಗೆ ಬ್ಲೀಚ್ ಕೂಡದೇ ಕೂಡದು. ಬ್ಲೀಚು ಉಣ್ಣೆಯ ಎಳೆಯನ್ನೇ ಕರಗಿಸುತ್ತದೆ. ಒದ್ದೆಯಾದ ಜಾಗವನ್ನು ಫ್ಯಾನಿನ ಕೆಳಗಿಟ್ಟು ಪೂರ್ತಿ ಒಣಗಿಸದಿದ್ದರೆ ಮುಗ್ಗಲು ವಾಸನೆ ಬರುತ್ತದೆ, ಬೂಷ್ಟು ಹಿಡಿಯುತ್ತದೆ.

ಉಬ್ಬಸದ ಮಗುವಿರುವ ಮನೆ

ಒಂದು ಮಾತು ಸ್ಪಷ್ಟವಾಗಿರಬೇಕು. ಜಮಖಾನೆ ತೆಗೆದ ಮಾತ್ರಕ್ಕೆ ಉಬ್ಬಸ ಹೋಗುವುದಿಲ್ಲ. ನುಸಿ ಹಾಸಿಗೆ ದಿಂಬುಗಳಲ್ಲೂ ಇರುತ್ತದೆ, ಉಬ್ಬಸಕ್ಕೆ ಬೇರೆ ಕಾರಣಗಳೂ ಇರುತ್ತವೆ. ವೈದ್ಯರು ಕೊಟ್ಟ ಇನ್‌ಹೇಲರನ್ನು ಮನೆ ಶುಚಿಯಾಯಿತೆಂದು ನಿಲ್ಲಿಸಬಾರದು. ಅಲರ್ಜಿ ಯಾವುದಕ್ಕೆ ಎಂಬುದನ್ನು ಪರೀಕ್ಷೆಯಿಂದ ತಿಳಿಯಬಹುದು. ನುಸಿಯೇ ಕಾರಣವೆಂದು ಖಚಿತವಾದರೆ ಮಗು ಮಲಗುವ ಕೋಣೆಯಲ್ಲಿ ದಪ್ಪ ರತ್ನಗಂಬಳಿಯ ಬದಲು ಒಗೆಯಬಹುದಾದ ತೆಳು ಹತ್ತಿ ಜಮಖಾನೆಯೋ ಬರೀ ಚಾಪೆಯೋ ಇರಲಿ. ಹೊದಿಕೆ ಮತ್ತು ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ, ಹಿಕ್ಕೆಯೂ ತೊಳೆದುಹೋಗುತ್ತದೆ.

ಕೈಯಿಂದ ನೇಯ್ದದ್ದು

ಜಮಖಾನೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಧಾರವಾಡ ಜಿಲ್ಲೆಯ ನವಲಗುಂದ. ಅಲ್ಲಿನ ಮಹಿಳೆಯರು ಮನೆಯೊಳಗಿನ ನಿಲುವು ಮಗ್ಗದ ಮುಂದೆ ಕುಳಿತು, ಹತ್ತಿಯ ನೂಲಿನಲ್ಲಿ ನವಿಲು, ಪಗಡೆ ಹಾಸುಗಳ ಚಿತ್ತಾರವನ್ನು ಎಳೆ ಎಳೆಯಾಗಿ ಕೂಡಿಸುತ್ತಾರೆ. ಈ ಜಮಖಾನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಚೆನ್ನಾಗಿ ನೋಡಿಕೊಂಡ ಹಾಸು ಎಷ್ಟು ಕಾಲ ಬಾಳಬಹುದು? ಸೈಬೀರಿಯದ ಅಲ್ತಾಯ್ ಬೆಟ್ಟಗಳ ಗೋರಿಯೊಂದರಲ್ಲಿ 1949ರಲ್ಲಿ ಸಿಕ್ಕ ಪಾಜಿರಿಕ್ ರತ್ನಗಂಬಳಿ ಎರಡು ಸಾವಿರ ವರ್ಷಕ್ಕೂ ಹಳೆಯದು. ಹಿಮ ಅದನ್ನು ಕಾಪಾಡಿತು. ಮನೆಯ ಜಮಖಾನೆಗೆ ಆ ಭಾಗ್ಯವಿಲ್ಲ. ಅದನ್ನು ಕಾಪಾಡಬೇಕಾದದ್ದು ಮನೆಯವರ ಕೈಗಳೇ.

ಆ ಕೈಗಳು ಯಾರವು ಎಂಬುದೇ ಕೊನೆಯ ಪ್ರಶ್ನೆ. ಚಪ್ಪಲಿ ಹೊರಗೆ ಬಿಡುವುದಕ್ಕೆ, ಪೆನ್ಸಿಲ್ ಚೂಪು ಮಾಡಿದ ಹೊಟ್ಟನ್ನು ಕಸದ ಬುಟ್ಟಿಗೇ ಹಾಕುವುದಕ್ಕೆ, ತಟ್ಟೆಯನ್ನು ಜಮಖಾನೆಯ ಮೇಲೆ ತರದಿರುವುದಕ್ಕೆ ಆರು ವರ್ಷದ ಮಗುವೂ ಸಾಕು. ಹೈಸ್ಕೂಲಿನ ಹುಡುಗ ಹುಡುಗಿಯರು ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ಕೊಟ್ಟರೆ ಜಮಖಾನೆ ತಾರಸಿ ಸೇರುತ್ತದೆ. ತಂದೆ ಒಂದು ತುದಿ ಹಿಡಿದರೆ ಮಗನೋ ಮಗಳೋ ಇನ್ನೊಂದು ತುದಿ ಹಿಡಿಯಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಹಿರಿಯರ ಮಾತು. ಚಾಚಿದ ಕಾಲು ತೊಳೆದದ್ದಾಗಿರಲಿ, ಹಾಸು ಕೊಡವಿದ್ದಾಗಿರಲಿ. ಆಗ ಅಮ್ಮನ ಕೆಮ್ಮೂ ಕಡಿಮೆಯಾದೀತು, ಓದುವ ಮಗುವಿನ ಸೀನೂ.