ಬೀಗದ ಒಳಗೇನಿದೆ ಎಂದು ಕೇಳಬಾರದೇ?

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದು ಪುಸ್ತಕ ಕೊಡುವುದಿಲ್ಲ ಎಂದರೆ, ಯಾಕೆ ಎಂದು ಗ್ರಂಥಪಾಲಕರನ್ನು ಕೇಳಬಹುದು. ಅದೇ ವಿಶ್ವವಿದ್ಯಾಲಯದ ವೈಫೈನಲ್ಲಿ ಒಂದು ಪುಟ ತೆರೆಯದಿದ್ದರೆ ಯಾರನ್ನು ಕೇಳುವುದು? ನಮ್ಮ ಕ್ಯಾಂಪಸ್ಸಿನಲ್ಲಿ ಜಾತಿ ದೌರ್ಜನ್ಯದ ವರದಿಗಳಿದ್ದ ತಾಣವೊಂದು ‘ಹಿಂಸೆ’ ಎಂಬ ವರ್ಗಕ್ಕೆ ಸೇರಿ ಮುಚ್ಚಿಹೋಗಿತ್ತು. ಆ ವಿಷಯದಲ್ಲೇ ಸಂಶೋಧನೆ ಮಾಡುವವರು ಸ್ವಂತ ಮೊಬೈಲ್ ಡೇಟಾದಲ್ಲಿ ಅದನ್ನು ಓದಬೇಕಾಯಿತು. ಈ ವರ್ಗೀಕರಣ ಯಾರದ್ದು ಎಂದು ವಿಚಾರಿಸಿದರೆ, ಸಿಬ್ಬಂದಿ ಫೈರ್‌ವಾಲ್ ಪೆಟ್ಟಿಗೆಯತ್ತ ಕೈ ತೋರಿಸಿದರು. ಪೆಟ್ಟಿಗೆಯೊಳಗಿನ ಪಟ್ಟಿ ಕಂಪನಿಯದು. ಅದನ್ನು ನೋಡುವ ಹಕ್ಕು ಅವರಿಗೂ ಇಲ್ಲ.

ಸಾರ್ವಜನಿಕ ಹಣದಲ್ಲಿ ನಡೆಯುವ ಸಂಸ್ಥೆಯೊಂದು, ತನ್ನ ವಿದ್ಯಾರ್ಥಿಗಳು ಏನು ಓದಬಹುದು ಎಂಬ ತೀರ್ಮಾನವನ್ನು ಹೀಗೆ ಹೊರಗುತ್ತಿಗೆಗೆ ಕೊಡುವುದು ಅನ್ಯಾಯ. ಬೇರೆ ದಾರಿ ಇಲ್ಲವೆಂದೂ ಅಲ್ಲ. ಜಾಲದೊಳಗೆ ಯಾರನ್ನು ಬಿಡಬೇಕು ಎಂದು ಪರಿಶೀಲಿಸುವ ಫ್ರೀರೇಡಿಯಸ್ 1999ರಿಂದ ಇದೆ. ಒಂದು ಕ್ಯಾಂಪಸ್ಸಿನ ಲಾಗಿನ್‌ನಲ್ಲೇ ಇನ್ನೊಂದು ಕ್ಯಾಂಪಸ್ಸಿನ ವೈಫೈ ಬಳಸಲು ಬಿಡುವ ಎಜುರೋಮ್ ವ್ಯವಸ್ಥೆಯಲ್ಲಿ ಅದರ ಬಳಕೆ ವ್ಯಾಪಕ. ಪ್ಯಾಕೆಟ್‌ಫೆನ್ಸ್ ನೋಂದಣಿಯಾಗದ ಉಪಕರಣವನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ, ವೈರಸ್ ತಗುಲಿದ ಲ್ಯಾಪ್‌ಟಾಪನ್ನು ಪ್ರತ್ಯೇಕವಾಗಿಡುತ್ತದೆ. ಸ್ಕ್ವಿಡ್‌ನಲ್ಲಿ ತಡೆಯಬೇಕಾದ ತಾಣಗಳ ಪಟ್ಟಿಯನ್ನು ಸಾದಾ ಪಠ್ಯ ಕಡತದಲ್ಲಿ ಬರೆದಿಡಬಹುದು. ಎಲ್ಲವೂ ಓಪನ್ ಸೋರ್ಸ್.

‘ಕೋಡ್ ಬಹಿರಂಗವಾದರೆ ಕಳ್ಳರಿಗೂ ಅನುಕೂಲವಲ್ಲವೇ?’ ಎನ್ನುವವರಿದ್ದಾರೆ. ಬೀಗದ ರಚನೆ ಶತ್ರುವಿಗೆ ಗೊತ್ತಾದರೂ ತೊಂದರೆಯಾಗಬಾರದು, ಗುಟ್ಟಾಗಿರಬೇಕಾದ್ದು ಕೀಲಿ ಮಾತ್ರ ಎಂದು ಕೆರ್ಕಾಫ್ಸ್ 1883ರಲ್ಲೇ ಹೇಳಿದ್ದ. 2024ರಲ್ಲಿ ಸಂಶೋಧಕರು ರೇಡಿಯಸ್ ವಿಧಾನದಲ್ಲೇ ಒಂದು ದೋಷ ಇರುವುದನ್ನು ಹೊರಗೆಡವಿದಾಗ, ಫ್ರೀರೇಡಿಯಸ್ ತಿದ್ದುಪಡಿಯನ್ನು ಎಲ್ಲರ ಕಣ್ಣೆದುರೇ ಹೊರತಂದಿತು. ಮುಚ್ಚಿದ ಪೆಟ್ಟಿಗೆಯಲ್ಲಿ ದೋಷ ಸರಿಹೋಯಿತೇ ಎಂದು ತಿಳಿಯಲು ಕಂಪನಿಯ ಮಾತನ್ನೇ ನಂಬಬೇಕು.

‘ರಾತ್ರಿ ಕೆಟ್ಟರೆ ಯಾರಿಗೆ ಫೋನ್ ಮಾಡುವುದು?’ ಎಂಬ ಪ್ರಶ್ನೆ ಮಾತ್ರ ನಿಜವಾದದ್ದು. ಮುಕ್ತ ತಂತ್ರಾಂಶ ತಾನೇ ತಾನಾಗಿ ನಡೆಯುವುದಿಲ್ಲ, ಅದನ್ನು ಬಲ್ಲವರು ಬೇಕು. ಆದರೆ ಲೈಸೆನ್ಸ್ ನವೀಕರಣಕ್ಕೆಂದು ಪ್ರತಿವರ್ಷ ಕಟ್ಟುವ ಹಣದಲ್ಲಿ ಅಂಥವರಿಗೆ ಸಂಬಳ ಕೊಟ್ಟರೆ, ಆ ಅರಿವು ನಮ್ಮಲ್ಲೇ ಉಳಿಯುತ್ತದೆ. ಕಂಪ್ಯೂಟರ್ ವಿಜ್ಞಾನ ಕಲಿಸುವ ಸಂಸ್ಥೆಗಳು ತಮ್ಮ ಜಾಲವನ್ನು ನೋಡಿಕೊಳ್ಳುವ ಜನ ಸಿಗುವುದಿಲ್ಲ ಎಂದರೆ, ಅಲ್ಲಿನ ಪಾಠದ ಬಗ್ಗೆಯೇ ಅನುಮಾನ ಪಡಬೇಕು. ಕೇಂದ್ರ ಸರ್ಕಾರ ಕೂಡ ತನ್ನ ಇ-ಆಡಳಿತದಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಎಂಬ ನೀತಿಯನ್ನು 2015ರಲ್ಲೇ ಪ್ರಕಟಿಸಿದೆ.

ತಂತ್ರಾಂಶ ಬದಲಾದ ಮಾತ್ರಕ್ಕೆ ನ್ಯಾಯ ಸಿಕ್ಕೀತು ಎಂಬ ಭ್ರಮೆ ನನಗಿಲ್ಲ. ಸ್ಕ್ವಿಡ್ ಹಾಕಿಯೂ ಅದೇ ತಾಣವನ್ನು ಮುಚ್ಚಬಹುದು. ಆದರೆ ಆಗ ಆ ಸಾಲನ್ನು ಬರೆದವರು ನಮ್ಮವರೇ ಆಗಿರುತ್ತಾರೆ, ಪೆಟ್ಟಿಗೆಯತ್ತ ಕೈ ತೋರಿಸಲಾಗದು. ಆದ್ದರಿಂದ ನಮ್ಮ ಬೇಡಿಕೆ ಬಾಗಿಲು ಕಿತ್ತುಹಾಕಿ ಎಂಬುದಲ್ಲ. ತಡೆದ ತಾಣಗಳ ಪಟ್ಟಿಯನ್ನು ಪ್ರಕಟಿಸಿ. ಪ್ರತಿ ತಡೆಗೂ ಕಾರಣ ಬರೆಯಿರಿ. ಯಾರು ಏನು ಓದಿದರು ಎಂಬ ದಾಖಲೆ ಎಷ್ಟು ದಿನ ಉಳಿಯುತ್ತದೆ, ಯಾರ ಕಣ್ಣಿಗೆ ಬೀಳುತ್ತದೆ ಎಂದು ತಿಳಿಸಿ. ಇಷ್ಟನ್ನು ಹೇಳಲಾರದ ಬೀಗವನ್ನು ಮುಂದಿನ ಟೆಂಡರಿನಲ್ಲಿ ಕೊಳ್ಳಬೇಡಿ.