ತಿಳಿನೀರೆಲ್ಲ ಶುದ್ಧನೀರಲ್ಲ

ವಿಜಯಪುರದ ನೆಲದಡಿ ಇರುವುದು ಬಸಾಲ್ಟ್ ಎಂಬ ಕರಿಕಲ್ಲು, ಅದರ ಮೇಲೆ ಎರೆಮಣ್ಣು. ಕೋಟ್ಯಂತರ ವರ್ಷಗಳ ಹಿಂದೆ ಲಾವಾ ಪದರು ಪದರಾಗಿ ಹರಿದು ಗಟ್ಟಿಯಾದ ಈ ಕಲ್ಲಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮತ್ತು ಸವೆದು ಸಡಿಲವಾದ ಪದರುಗಳಲ್ಲಿ ಮಾತ್ರ. ಮಳೆ ಕಡಿಮೆ, ಬಿಸಿಲು ಹೆಚ್ಚು. ಇಂಗಿದ ನೀರು ಕಲ್ಲಿನ ಸಂದಿಯಲ್ಲಿ ಬಹುಕಾಲ ಕುಳಿತು ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಮೇಲ್ಮಣ್ಣಿನ ತೇವ ಆವಿಯಾಗಿ ಹೋದಾಗ ಉಪ್ಪು ಅಲ್ಲಿಯೇ ಉಳಿಯುತ್ತದೆ. ಈ ಸೀಮೆಯಲ್ಲಿ ಹರಿಯುವ ಡೋಣಿಯ ದಂಡೆ ಜೋಳಕ್ಕೆ ಹೆಸರುವಾಸಿ, ಆದರೆ ಹೊಳೆಯ ನೀರು ಸವಳು. ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಲವಣ, ನೈಟ್ರೇಟ್ ಮತ್ತು ಫ್ಲೋರೈಡ್ ಮಿತಿ ಮೀರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯೂ ದಾಖಲಿಸಿದೆ.

ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಲು ಇಲ್ಲಿನ ಮನೆಗಳಲ್ಲಿ ಹಳೆಯ ಪರೀಕ್ಷೆಗಳಿವೆ. ಬೇಳೆ ಬೇಯಬೇಕು, ಸಾಬೂನು ನೊರೆಯಾಗಬೇಕು, ಹಂಡೆಯ ತಳಕ್ಕೆ ಬಿಳಿ ಚಕ್ಕೆ ಕಟ್ಟಬಾರದು, ನಾಲಿಗೆಗೆ ಸಪ್ಪೆಯೆನಿಸಬಾರದು, ಉಪ್ಪೆನಿಸಬಾರದು. ಈ ಪರೀಕ್ಷೆಗಳು ಸುಳ್ಳಲ್ಲ. ಅವು ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿದ ಗಡಸು ನೀರನ್ನು ಸರಿಯಾಗಿಯೇ ಹಿಡಿಯುತ್ತವೆ. ಹಿಡಿಯಲಾರದ್ದು ಫ್ಲೋರೈಡ್ ಮತ್ತು ನೈಟ್ರೇಟ್‌ಗಳನ್ನು. ಕುಡಿಯುವ ನೀರಿನಲ್ಲಿ ಇರಬಹುದಾದ ಪ್ರಮಾಣದಲ್ಲಿ ಇವೆರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಇನ್ನೂ ಕಳವಳದ ಸಂಗತಿಯೊಂದಿದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡ್ ಜೊತೆ ಕೂಡಿ ಕರಗದ ಲವಣವಾಗಿ ತಳ ಸೇರುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ ಮೆದು ನೀರಿನಲ್ಲಿ ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ಬೇಳೆ ಚೆನ್ನಾಗಿ ಬೇಯುತ್ತದೆಂದು ಊರೆಲ್ಲ ಕೊಡ ಹಿಡಿದು ಬರುವ ಬೋರ್‌ವೆಲ್ಲೇ ಕೆಲವೊಮ್ಮೆ ಹೆಚ್ಚು ಅಪಾಯದ್ದಾಗಿರಬಹುದು.

ಭಾರತೀಯ ಮಾನಕ 10500ರ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದರೆ ಕೀಲು, ಬೆನ್ನೆಲುಬು ಬಿಗಿಯುತ್ತವೆ. ಬಾಗಿದ ಮೂಳೆಯನ್ನು ಮತ್ತೆ ನೇರ ಮಾಡುವ ಔಷಧವಿಲ್ಲ. ನೈಟ್ರೇಟ್ ಮಿತಿ 45 ಮಿಲಿಗ್ರಾಂ, ಅಲ್ಲಿ ರಿಯಾಯಿತಿಯೇ ಇಲ್ಲ. ಮಿತಿ ಮೀರಿದ ನೈಟ್ರೇಟ್ ಹಸುಗೂಸಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ಬಾಟಲಿ ಹಾಲು ಕಲಸಲು ನೀರನ್ನು ಕುದಿಸುವ ತಾಯಿ ಮಾಡುವುದು ಸರಿ, ಕ್ರಿಮಿ ಸಾಯುತ್ತದೆ. ಆದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ.

ಈ ನೈಟ್ರೇಟ್ ಎಲ್ಲಿಂದ ಬರುತ್ತದೆ? ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಎಂಜಿನಿಯರಿಂಗ್ ವಿಭಾಗದ ಸುಧಾಕರ ರಾವ್ ಮತ್ತು ಸಂಗಡಿಗರು ಇದ್ದಾರೆ. ಅವರು ಕೋಲಾರ ಜಿಲ್ಲೆಯ ಮುಳಬಾಗಿಲು ಪಟ್ಟಣದಲ್ಲಿ ಶೌಚಗುಂಡಿಗಳಿಂದ ಜಿನುಗುವ ದ್ರವ ಮಣ್ಣಿನ ಮೂಲಕ ಅಂತರ್ಜಲಕ್ಕೆ ಇಳಿಯುವ ಬಗೆಯನ್ನು ಅಭ್ಯಾಸ ಮಾಡಿದರು. ನೀರಿನ ಮಟ್ಟದ ಮೇಲಿರುವ ಒಣ ಪದರು ಎಷ್ಟು ಕೊಳೆಯನ್ನು ತಡೆಯುತ್ತದೆ, ಎಷ್ಟನ್ನು ಕೆಳಗೆ ಬಿಡುತ್ತದೆ ಎಂಬುದು ಆ ಸಂಶೋಧನೆಯ ಪ್ರಶ್ನೆ. ಫ್ಲೋರೈಡ್ ತೆಗೆಯಲು ಮೆಗ್ನೀಸಿಯಂ ಆಕ್ಸೈಡ್ ಬಳಸುವ ಮನೆಮಟ್ಟದ ವಿಧಾನವೊಂದನ್ನೂ ಸುಧಾಕರ ರಾವ್ ಅವರ ತಂಡ ರೂಪಿಸಿತು. ಕೋಲಾರದ ಕಲ್ಲು ಬೇರೆ, ವಿಜಯಪುರದ ಕಲ್ಲು ಬೇರೆ ಎಂಬುದು ನಿಜ. ಆದರೆ ಮನೆಯ ಹಿತ್ತಿಲಲ್ಲಿ ಶೌಚಗುಂಡಿ, ಅದರ ಪಕ್ಕದಲ್ಲೇ ಬೋರ್‌ವೆಲ್ ಎಂಬ ಚಿತ್ರ ಎರಡೂ ಕಡೆ ಒಂದೇ. ಬಿರುಕು ಬಿಟ್ಟ ಕಲ್ಲಿನಲ್ಲಿ ಕೊಳೆನೀರು ಸೋಸಿಕೊಳ್ಳದೆ ನೇರ ಇಳಿಯುತ್ತದೆ ಎನ್ನುವುದು ಇಲ್ಲಿ ಇನ್ನಷ್ಟು ಎಚ್ಚರ ಬೇಡುವ ಮಾತು.

ಪರಿಸರ ಎಂಜಿನಿಯರಿಂಗ್ ಕಲಿಸುವ ಮುಖ್ಯ ಪಾಠವಿದು: ಒಂದೊಂದು ಕಲ್ಮಶ ಒಂದೊಂದು ದಾರಿಯಲ್ಲೇ ನೀರು ಬಿಟ್ಟು ಹೋಗುತ್ತದೆ. ರಾಡಿಗೆ ಪಟಿಕ ಹಾಕಿ ತಂಗಲು ಬಿಡಬೇಕು. ಕ್ರಿಮಿಗೆ ಕ್ಲೋರಿನ್ ಬೇಕು, ಅದಕ್ಕೆ ಅರ್ಧ ಗಂಟೆಯಾದರೂ ಕೆಲಸ ಮಾಡಲು ಅವಕಾಶ ಕೊಡಬೇಕು, ನಳದ ತುದಿಯಲ್ಲೂ ಲೀಟರ್‌ಗೆ 0.2 ಮಿಲಿಗ್ರಾಂ ಉಳಿದಿರಬೇಕು. ಕೀಟನಾಶಕಕ್ಕೆ ಸಕ್ರಿಯ ಇದ್ದಿಲು ಬೇಕು. ಫ್ಲೋರೈಡ್‌ಗೆ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನವಿದೆ: ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಬೆರೆಸಿ ಕಲಕಿ, ತಂಗಿಸಿ, ಬಸಿದುಕೊಳ್ಳುವುದು. ಖರ್ಚು ಕಡಿಮೆ, ಆದರೆ ಅಳತೆ ತಪ್ಪಬಾರದು. ತಳದ ರಾಡಿಯನ್ನು ಬಾವಿಯ ಹತ್ತಿರ ಚೆಲ್ಲಬಾರದು. ನೈಟ್ರೇಟ್‌ಗೆ ಇವು ಯಾವುವೂ ಸಾಲವು, ಅಯಾನು ವಿನಿಮಯ ಅಥವಾ ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ ಆರ್‌ಒ ಬೇಕು.

ಆರ್‌ಒ ಎಲ್ಲ ರೋಗಕ್ಕೂ ಮದ್ದು ಎಂಬ ನಂಬಿಕೆ ಹಳ್ಳಿಹಳ್ಳಿಗೂ ಹಬ್ಬಿದೆ. ಅದು ಲವಣವನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ, ಅಷ್ಟೇ. ಕೊಡ ತುಂಬುವ ಹೊತ್ತಿಗೆ ಇನ್ನೊಂದು ಕೊಳವೆಯಲ್ಲಿ, ಹಲವು ಸಲ ಅದಕ್ಕಿಂತ ಹೆಚ್ಚು, ಗಾಢ ಉಪ್ಪುನೀರು ಗಟಾರ ಸೇರುತ್ತದೆ, ಅಲ್ಲಿಂದ ಮತ್ತೆ ನೆಲ ಸೇರುತ್ತದೆ. ಲೀಟರ್‌ಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವ ನೀರಿಗೆ ಆರ್‌ಒ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದು ಈ ಕಾರಣಕ್ಕೇ. ಸವಳು ಬೋರ್‌ವೆಲ್‌ಗೆ ಅದು ಅನಿವಾರ್ಯವಾಗಬಹುದು. ಕೊಲ್ಹಾರದ ಬಳಿಯಿಂದ ವಿಜಯಪುರ ನಗರಕ್ಕೆ ಬರುವ ಕೃಷ್ಣೆಯ ನೀರಿಗೂ ಯಂತ್ರ ಬೇಕೇ ಎಂಬುದನ್ನು ಪರೀಕ್ಷೆಯ ವರದಿ ಹೇಳಬೇಕೇ ಹೊರತು ಅಂಗಡಿಯವರಲ್ಲ.

ನೀರನ್ನು ಹದಮಾಡುವ ವಿದ್ಯೆ ಈ ಊರಿಗೆ ಹೊಸದಲ್ಲ. ಆದಿಲ್ ಶಾಹಿಗಳ ಕಾಲದಲ್ಲಿ ತೊರವಿಯಿಂದ, 1651ರ ಬೇಗಂ ತಾಲಾಬದಿಂದ ಕೊಳವೆಗಳಲ್ಲಿ ಬರುತ್ತಿದ್ದ ನೀರು ದಾರಿಯ ಗಂಜ್ ಎಂಬ ಗೋಪುರಗಳನ್ನು ಹತ್ತಿ ಇಳಿಯುತ್ತಿತ್ತು. ಒತ್ತಡ ತಗ್ಗುತ್ತಿತ್ತು, ಹೂಳು ಅಲ್ಲಿಯೇ ತಂಗುತ್ತಿತ್ತು. 1620ರ ತಾಜ್ ಬಾವಡಿಯೂ ಅದಕ್ಕೂ ಹಳೆಯ ಚಾಂದ್ ಬಾವಡಿಯೂ ಊರಿನ ದಾಹ ತಣಿಸಿದವು. ಅಂಥ ಬಾವಡಿಗಳಿಗೆ ಕಸ ಬಿದ್ದದ್ದು ನಮ್ಮ ಕಾಲದಲ್ಲಿ. ಹೂಳೆತ್ತಿ ಶುಚಿಗೊಳಿಸಿದ ಮೇಲೂ ಅವುಗಳಿಗೆ ಬಣ್ಣದ ಮೂರ್ತಿ, ಪ್ಲಾಸ್ಟಿಕ್, ಪೂಜೆಯ ಶೇಷ ಹಾಕಿದರೆ ಆ ದುಡಿಮೆ ವ್ಯರ್ಥ.

ನಗರದಾಚೆ, ಜಿಲ್ಲೆಯ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಚಿತ್ರ ಏತ ನೀರಾವರಿ ಮತ್ತು ಕೆರೆ ತುಂಬುವ ಯೋಜನೆಗಳಿಂದ ಬದಲಾಗಿದೆ. ಮಮದಾಪುರದ ಹಳೆಯ ಕೆರೆಯಂಥವು ತುಂಬಿದಾಗ ಸುತ್ತಲ ಬಾವಿಗಳಲ್ಲಿ ನೀರೇರಿ ಸವಳು ತಗ್ಗುತ್ತದೆ. ಕೆರೆ ತುಂಬುವುದೂ ಒಂದು ಶುದ್ಧೀಕರಣವೇ. ಆದರೆ ನೀರು ಬಂದಲ್ಲಿ ದ್ರಾಕ್ಷಿ ಹೆಚ್ಚಿತು, ದ್ರಾಕ್ಷಿಯ ಜೊತೆ ಗೊಬ್ಬರ, ಸಿಂಪಡಣೆ ಹೆಚ್ಚಿದವು. ಬೇರು ಹೀರಿ ಮಿಕ್ಕ ಯೂರಿಯಾ ನೈಟ್ರೇಟ್ ಆಗಿ ಕೆಳಗಿಳಿಯುತ್ತದೆ. ಸಿಂಪಡಣೆಯ ಟ್ಯಾಂಕನ್ನು ಬಾವಿಯ ದಂಡೆಯಲ್ಲಿ ತೊಳೆದರೆ ವಿಷಕ್ಕೆ ಅಷ್ಟು ದೂರವೂ ಉಳಿಯುವುದಿಲ್ಲ.

ತಿಕೋಟಾ, ಬಬಲೇಶ್ವರ ಮತ್ತು ವಿಜಯಪುರದ ಪ್ರತಿ ಕುಟುಂಬ ತಾನು ಕುಡಿಯುವ ಮೂಲದ ನೀರನ್ನು ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಮತ್ತು ನಂತರ, ಪರೀಕ್ಷೆ ಮಾಡಿಸಬೇಕು. ಜಲಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆಯಿದೆ. ಸರ್ಕಾರಿ ಪ್ರಯೋಗಾಲಯಗಳು ಸಾರ್ವಜನಿಕರ ಮಾದರಿಯನ್ನೂ ಅಲ್ಪ ಶುಲ್ಕಕ್ಕೆ ತೆಗೆದುಕೊಳ್ಳುತ್ತವೆ. ವರದಿಯನ್ನು ಗ್ರಾಮಸಭೆಯಲ್ಲಿ ಓದಿಸಬೇಕು, ಶಾಲೆ, ಅಂಗನವಾಡಿಯ ಗೋಡೆಗೆ ಅಂಟಿಸಬೇಕು. ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿಗೆ ಈ ಊರುಗಳ ಬಾವಿಗಳನ್ನೇ ಆರಿಸಿಕೊಳ್ಳಬೇಕು. ಮನೆಯಲ್ಲಿ ಹಸುಗೂಸಿದ್ದವರು ಬರುವ ಗ್ರಾಮಸಭೆಗೂ ಕಾಯದೆ, ಈ ವಾರವೇ ಒಂದು ಶುಚಿಯಾದ ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಒಯ್ಯಬೇಕೆಂದು ಕಳಕಳಿಯ ವಿನಂತಿ.