ಮುಚ್ಚಿದ ಬಾಗಿಲು ತೆರೆದ ಪಾದ್ರಿ



ಡಿಚೋಲಿ ಎಂದರೆ ನಮ್ಮ ಕಡೆಯ ವ್ಯಾಪಾರಸ್ಥರಿಗೆ ಥಟ್ಟನೆ ನೆನಪಾಗುವುದು ಕಬ್ಬಿಣದ ಅದಿರು ಮತ್ತು ವಾರದ ಸಂತೆ. ಆದರೆ ಹದಿನೇಳನೆಯ ಶತಮಾನದಲ್ಲಿ ಈ ಊರಿನಲ್ಲಿ ಒಬ್ಬ ಕ್ಯಾಥೊಲಿಕ್ ಧರ್ಮಗುರು ನೆಲೆನಿಂತು, ಗೋವೆಯ ಅಧಿಕಾರಸ್ಥರ ನಿದ್ದೆ ಕೆಡಿಸಿದ್ದರು. ಅವರೇ ಮಾತೆವುಸ್ ದೆ ಕಾಸ್ತ್ರೊ. ಲ್ಯಾಟಿನ್ ಪದ್ಧತಿಯ ಕ್ಯಾಥೊಲಿಕ್ ಸಭೆಯಲ್ಲಿ ಬಿಷಪ್ ಪದವಿಗೇರಿದ ಮೊದಲ ಭಾರತೀಯರು ಅವರು.

ಸುಮಾರು 1594ರಲ್ಲಿ ಮಾಂಡೋವಿ ನದಿಯ ದಿವಾಡಿ ದ್ವೀಪದ ನಾವೆಲಿ ಗ್ರಾಮದಲ್ಲಿ ಅವರ ಜನನ. ಕ್ರೈಸ್ತರಾಗಿದ್ದ ಕೊಂಕಣಿ ಬ್ರಾಹ್ಮಣ ಮನೆತನ. ಬಾರ್ದೇಸಿನ ರೇಯಿಸ್ ಮಾಗೊಸ್‌ನಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳ ಬಳಿ ವಿದ್ಯಾಭ್ಯಾಸವಾಯಿತು. ಹುಡುಗ ಚುರುಕು, ಪಾದ್ರಿಯಾಗಬೇಕೆಂಬ ಹಂಬಲ. ಆದರೆ ಗೋವೆಯ ಆರ್ಚ್‌ಬಿಷಪ್ಪರು ದೀಕ್ಷೆ ಕೊಡಲು ಒಪ್ಪಲಿಲ್ಲ. ವಿದ್ಯೆಯಲ್ಲಿ ಕೊರತೆಯಿತ್ತೆಂದಲ್ಲ, ಈ ನೆಲದಲ್ಲಿ ಹುಟ್ಟಿದ್ದೇ ಕೊರತೆ.

ಅಂಗಡಿಗೆ ಗುಮಾಸ್ತನನ್ನು ಇಟ್ಟುಕೊಳ್ಳುವಾಗ ನಾವು ಏನು ನೋಡುತ್ತೇವೆ? ಲೆಕ್ಕ ಬರುತ್ತದೆಯೇ, ಕೈ ಶುದ್ಧವೇ ಎಂದು. ಎರಡೂ ಇದ್ದು, "ನೀನು ಇಂಥವರ ಮಗ, ಹೋಗು" ಎಂದರೆ ನಷ್ಟ ಯಾರಿಗೆ? ಹುಡುಗನಿಗಂತೂ ಸರಿ, ಅಂಗಡಿಗೂ ನಷ್ಟವೇ.

ಮಾತೆವುಸರು ಅಳುತ್ತ ಕೂಡಲಿಲ್ಲ. ದೂರದ ದಾರಿ ಸವೆಸಿ 1625ರಲ್ಲಿ ರೋಮ್ ನಗರ ಸೇರಿದರು. ಅಲ್ಲಿ ಅವರಿಗೆ ಆಸರೆಯಾದದ್ದು ಪ್ರೊಪಗಾಂಡ ಫಿದೆ ಎಂಬ ಧರ್ಮಪ್ರಸಾರ ಸಂಸ್ಥೆ. ಪೂರ್ವದೇಶಗಳ ಚರ್ಚುಗಳಿಗೆ ಅಧಿಕಾರಿಗಳನ್ನು ಸೂಚಿಸುವ ಹಕ್ಕನ್ನು ಪೋಪರು ಹಿಂದೆಯೇ ಪೋರ್ಚುಗಲ್ ದೊರೆಗೆ ಬಿಟ್ಟುಕೊಟ್ಟಿದ್ದರು. ಧರ್ಮಪ್ರಸಾರದ ಹೊಣೆಯನ್ನು ಮತ್ತೆ ರೋಮಿನ ಕೈಗೆ ತರಲು 1622ರಲ್ಲಿ ಈ ಸಂಸ್ಥೆ ಹುಟ್ಟಿತ್ತು. ಅದರ ಕಾರ್ಯದರ್ಶಿ ಫ್ರಾನ್ಸೆಸ್ಕೊ ಇಂಗೊಲಿ, ಆಯಾ ದೇಶದವರೇ ಪಾದ್ರಿಗಳಾಗಬೇಕೆಂಬ ಅಭಿಪ್ರಾಯದವರು. ಅವರ ಬೆಂಬಲದಿಂದ ಮಾತೆವುಸರು ಓದಿ, ಅಲ್ಲಿಯೇ ಪಾದ್ರಿಯಾದರು.

ಊರಿಗೆ ಮರಳಿದಾಗ ಗೋವೆಯವರು ರೋಮಿನ ಕಾಗದಪತ್ರಗಳಿಗೆ ಬೆಲೆ ಕೊಡಲಿಲ್ಲ. ಮತ್ತೆ ರೋಮ್ ಯಾತ್ರೆ. ಈ ಸಲ, 1637ರಲ್ಲಿ, ಬಿಷಪ್ಪರೇ ಆದರು. ಬಿಜಾಪುರದ ಆದಿಲ್‌ಶಾಹಿ ಸೀಮೆಯ ಕ್ಯಾಥೊಲಿಕರ ಹೊಣೆ ಹೊತ್ತು ಬಂದರು.

ಡಿಚೋಲಿ ಈ ಕಥೆಯಲ್ಲಿ ಬರುವುದು ಇಲ್ಲಿಯೇ. ಆಗ ಡಿಚೋಲಿ ಪೋರ್ಚುಗೀಸರದ್ದಾಗಿರಲಿಲ್ಲ, ಬಿಜಾಪುರದ್ದು. ಗೋವೆಯ ಹುಕುಂ ಇಲ್ಲಿ ನಡೆಯುತ್ತಿರಲಿಲ್ಲ. ದಿವಾಡಿಯಿಂದ ಹೊಳೆ ದಾಟಿದರೆ ಡಿಚೋಲಿ ಸೀಮೆ. ಅದೇ ದಿವಾಡಿಯ ಸಪ್ತಕೋಟೇಶ್ವರ ದೇವರು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರಿಂದ ನೆಲೆ ತಪ್ಪಿ, ಇದೇ ಸೀಮೆಯ ನಾರ್ವೆಗೆ ಬಂದಿದ್ದುಂಟು. ಆ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಕಟ್ಟಿಸಿಕೊಟ್ಟರು. ಹಿಂದೂ ದೇವರಿಗೂ ಕ್ಯಾಥೊಲಿಕ್ ಬಿಷಪ್ಪರಿಗೂ ಒಂದೇ ಹೊಳೆಯ ಆಚೆ ದಡ ಆಸರೆಯಾಯಿತು ಎಂಬುದು ಯೋಚಿಸಬೇಕಾದ ಮಾತು.

ಇಲ್ಲಿ ನಿಂತು ಅವರು ಮಾಡಿದ ದೊಡ್ಡ ಕೆಲಸವೆಂದರೆ, ಗೋವೆಯಲ್ಲಿ ಬಾಗಿಲು ಮುಚ್ಚಿಸಿಕೊಂಡ ಸ್ಥಳೀಯ ತರುಣರಿಗೆ ದೀಕ್ಷೆ ಕೊಟ್ಟದ್ದು. ಆ ದೀಕ್ಷೆ ಸಲ್ಲದೆಂದು ಗೋವೆಯವರು ಸಾರಿದರು. ಜಗಳ ಬೆಳೆಯಿತು. ಬಿಷಪ್ಪರೂ ಸುಮ್ಮನಿರುವ ಜಾಯಮಾನದವರಲ್ಲ. 1653ರಲ್ಲಿ 'ಬ್ರಾಹ್ಮಣರ ಕನ್ನಡಿ' ಎಂಬರ್ಥದ ಹೆಸರಿನ ಬರಹ ಹೊರಡಿಸಿ, ಪೋರ್ಚುಗೀಸರ ವಿರುದ್ಧ ಏಳಿರೆಂದು ತಮ್ಮವರನ್ನು ಕರೆದರು. ಕೊನೆಗೆ ರೋಮಿಗೆ ಹಿಂತಿರುಗಿ, 1677ರಲ್ಲಿ ಅಲ್ಲಿಯೇ ತೀರಿಕೊಂಡರು.

ಜಮಾ ಬರೆದ ಮೇಲೆ ಖರ್ಚನ್ನೂ ಬರೆಯಬೇಕು. ಹುಟ್ಟಿನ ಕಾರಣಕ್ಕೆ ಹೊರಗೆ ನಿಂತ ಮನುಷ್ಯ ಬರೆದ ಕರೆ, ಹೆಸರೇ ಹೇಳುವಂತೆ, ತಮ್ಮ ಜಾತಿಯವರಿಗೇ. ಅವರ ನಂತರ ಬಿಜಾಪುರ ಸೀಮೆಯ ಹೊಣೆ ಹೊತ್ತ ಕುಸ್ತೊದಿಯೊ ದೆ ಪಿನ್ಯೊ, ನಮ್ಮ ಕೆನರಾ ಕರಾವಳಿಗೆ ಬಿಷಪ್ಪರಾಗಿ ಬಂದ ತೊಮಾಸ್ ದೆ ಕಾಸ್ತ್ರೊ, ಇಬ್ಬರೂ ಅವರ ಬಂಧುಗಳೇ. ಬಾಗಿಲು ತೆರೆಯಿತು, ನಿಜ. ಆದರೆ ಒಳಗೆ ಹೋದವರಲ್ಲಿ ಮನೆಯವರೇ ಮುಂದೆ. ಅವರ ಧೈರ್ಯಕ್ಕೆ ಕೈ ಮುಗಿಯುತ್ತೇವೆ, ಇದನ್ನೂ ಮರೆಯಲಾಗದು.

ಕಾಲ ಸುಮ್ಮನೆ ನಿಲ್ಲಲಿಲ್ಲ. 1681ರಲ್ಲಿ ಗೋವೆಯ ಧರ್ಮಾಧಿಕಾರಿಗಳೇ ಬಾಣಾವಲಿಯಲ್ಲಿ ಹುಟ್ಟಿದ ಪಾದ್ರಿ ಜೋಸೆಫ್ ವಾಜರನ್ನು ಕೆನರಾಕ್ಕೆ ಮುಖ್ಯಸ್ಥರನ್ನಾಗಿ ಕಳುಹಿಸಿದರು. ಮುಂದೆ ಸಿಂಹಳದಲ್ಲಿ ದುಡಿದು 1711ರಲ್ಲಿ ತೀರಿಕೊಂಡ ಅವರನ್ನು 2015ರಲ್ಲಿ ಸಂತರೆಂದು ಘೋಷಿಸಲಾಯಿತು. ಈ ನೆಲದ ಹುಡುಗನಿಂದ ಏನಾದೀತು ಎಂದು ಕೇಳಿದವರಿಗೆ ಉತ್ತರ ದೊರೆಯಿತು.

ನಾವು ಮೆಟ್ರಿಕ್‌ವರೆಗೆ ಓದಿದವರು. ಅಷ್ಟಾದರೂ ಓದಿದ್ದು ಯಾರೂ ಬಾಗಿಲಲ್ಲಿ ತಡೆಯದ ಕಾರಣ. ಇಂದು ನಮ್ಮ ಮನೆಗಳಲ್ಲಿ ಮಕ್ಕಳ ಫೀಸಿಗೆ ಕೊರತೆಯಿಲ್ಲ. ಆದರೆ ನಮ್ಮ ಅಂಗಡಿಯಲ್ಲಿ ಮೂಟೆ ಹೊರುವವನ ಮಗಳು ಎಷ್ಟನೇ ಇಯತ್ತೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಜೂನ್ ತಿಂಗಳಲ್ಲಿ ಅವಳ ಪುಸ್ತಕದ ಪಟ್ಟಿ ತರಿಸಿ ನೋಡೋಣ. ಬಂಧುವಾಗಿರಬೇಕಿಲ್ಲ, ನಮ್ಮವಳಾಗಿರಬೇಕಿಲ್ಲ, ಓದುವ ಮನಸ್ಸಿದ್ದರೆ ಸಾಕು. ಡಿಚೋಲಿಯ ಬಿಷಪ್ಪರು ಅರ್ಧ ತೆರೆದ ಬಾಗಿಲನ್ನು ಪೂರ್ತಿ ತೆರೆಯುವುದು ನಮ್ಮಂಥವರ ಕೈಯಲ್ಲಿದೆ.